ಅತ್ತೆಯ ಮುಡಿಯಲ್ಲಿದ್ದ ಬೇಸಿಲ್

ಕಳೆದ ಭಾನುವಾರ ತುಳಸಿಕಟ್ಟೆಯ ಮುಂದೆ ಕತ್ತರಿ ಹಿಡಿದು ನಿಂತಿದ್ದಾಗ ನಾನು ಅತ್ತೆಯ ಕೈಗೆ ಸಿಕ್ಕಿಬಿದ್ದೆ.

"ಭಾನ್ವಾರ ತುಳಸಿ ಕೀಳ್ತಿದ್ದೀಯಲ್ಲ, ಏನ್ ಬಂದೈತೆ ನಿಂಗೆ?"

"ಬ್ರೆಡ್ಡಿಗೆ ಅತ್ತೆ. ಟೊಮ್ಯಾಟೊ, ಬೆಳ್ಳುಳ್ಳಿ ಜೊತೆ..."

"ಬೆಳ್ಳುಳ್ಳಿ ಜೊತೇಲಿ ತುಳಸಮ್ಮನ್ನ ತಿಂದಾರಾ? ಯಾವ ಸೀಮೆ ಜನವ್ವಾ ಅವ್ರು?"

ಇಟಲಿ ಸೀಮೆ ಜನ. (ಉತ್ತರ ಗೊತ್ತಿತ್ತು, ಹೇಳುವ ಧೈರ್ಯ ಬರಲಿಲ್ಲ.) ಕತ್ತರಿ ತೆಪ್ಪಗೆ ಒಳಗೆ ಹೋಯಿತು.

ಸಂಗತಿ ಇಷ್ಟು. ಬಿಡದಿ ಕಡೆ ರಾಗಿ ಹೊಲಗಳಿದ್ದ ಜಾಗದಲ್ಲಿ ಈಗ ಫ್ಯಾಕ್ಟರಿಗಳು ಎದ್ದಿವೆಯಲ್ಲ, ಅಂಥದ್ದೊಂದರಲ್ಲಿ ನಮ್ಮ ಯಜಮಾನರಿಗೆ ಕೆಲಸ. ಅಲ್ಲಿಗೆ ಮಷೀನು ಕೂರಿಸಲು ಇಟಲಿಯಿಂದ ಎಂಜಿನಿಯರೊಬ್ಬ ಬಂದಿದ್ದಾನೆ. ಜೊತೆಗೆ ಹೆಂಡತಿ ಲೂಚಿಯಾ. ರಾಮನಗರದ ನಮ್ಮ ಬೀದಿಯಲ್ಲೇ ಬಾಡಿಗೆ ಮನೆ. ಗಂಡ ಕಂಪನಿ ಬಸ್ಸು ಹತ್ತಿದ ಮೇಲೆ ಈ ಹುಡುಗಿಗೆ ಗೋಡೆಗಳೇ ಗತಿ. ನಮ್ಮ ಸಾರು ಖಾರ, ಮುದ್ದೆ ಗಂಟಲಲ್ಲಿ ಇಳಿಯದು. ದಿನದಿನಕ್ಕೆ ಸೊರಗುತ್ತಿದ್ದಳು. "ನಾನೊಬ್ಬಳೇ ವಾಪಸ್ ಹೋಗಿಬಿಡ್ತೀನಿ" ಅಂತ ಹರಕು ಇಂಗ್ಲಿಷಿನಲ್ಲಿ ಹೇಳಿ ನನ್ನೆದುರು ಅತ್ತಳು. ನನಗೂ ಸಂಕಟವಾಯಿತು. ನಿಮ್ಮಮ್ಮ ಏನು ಮಾಡಿಕೊಡ್ತಿದ್ದರು ಅಂತ ಕೇಳಿದೆ. ಬ್ರುಸ್ಕೆಟ್ಟಾ ಅಂದಳು. ಭಾನುವಾರ ನಮ್ಮ ಮನೆಯಲ್ಲೇ ಮಾಡೋಣ ಬಾ ಅಂದುಬಿಟ್ಟೆ.

ಸೈಬರ್ ಕೆಫೆಗೆ ಹೋಗಿ ಹುಡುಕಿದೆ. ಸುಟ್ಟ ಬ್ರೆಡ್ಡಿಗೆ ಬೆಳ್ಳುಳ್ಳಿ ಉಜ್ಜಿ, ಮೇಲೆ ಟೊಮ್ಯಾಟೊ, ಉಪ್ಪು, ಆಲಿವ್ ಎಣ್ಣೆ, ಬೇಸಿಲ್ ಎಲೆ. ಇಷ್ಟೇನಾ? ಇದಕ್ಕೆ ಇಷ್ಟುದ್ದದ ಹೆಸರಾ? ಬೇಸಿಲ್ಲಿನ ಚಿತ್ರ ನೋಡಿದರೆ ನಮ್ಮ ತುಳಸಿಯ ಅಕ್ಕನ ಹಾಗಿತ್ತು. ಅಂಗಳದಲ್ಲೇ ಇದೆಯಲ್ಲ ಅಂತ ಹಿಗ್ಗಿದೆ. (ಮೆಡಿಕಲ್ ಶಾಪಿನಲ್ಲಿ ಆಲಿವ್ ಎಣ್ಣೆ ಕೇಳಿದರೆ "ಮೈಗೆ ಹಚ್ಚೋಕಾ? ಮಗೂಗೆ ಎಷ್ಟು ತಿಂಗಳು ಮೇಡಂ?" ಅಂದರು. ಎಣ್ಣೆ ನೀನೇ ತಾ ಅಂತ ಲೂಚಿಯಾಗೆ ಹೇಳಿಬಿಟ್ಟೆ.)

ಆಕೆ ಎಣ್ಣೆಯ ಬಾಟಲಿ ಹಿಡಿದು ಬಂದಾಗ ನಾನು ರೊಟ್ಟಿ ಹೆಂಚಿನ ಮೇಲೆ ಬೇಕರಿ ಬ್ರೆಡ್ಡು ಸುಡುತ್ತಿದ್ದೆ. ಬೇಸಿಲ್ ಸಿಗಲಿಲ್ಲ ಅಂದೆ. ಪರವಾಗಿಲ್ಲ ಅಂದಳು. ಮುಖ ಮಾತ್ರ ಇಳಿದುಹೋಯಿತು.

ಅಷ್ಟರಲ್ಲಿ ಅತ್ತೆ ಕುಂಕುಮ ಇಡಲು ಅವಳತ್ತ ಬಾಗಿದರು. ಬೆಳಿಗ್ಗೆ ದೊಡ್ಡಮಳೂರಿನ ಅಪ್ರಮೇಯಸ್ವಾಮಿ ದರ್ಶನ ಮುಗಿಸಿ, ಗುಡಿಯ ಮುಂದೆ ಕೊಂಡ ಹೂವನ್ನು ಮುಡಿದು ಬಂದಿದ್ದರು. ಲೂಚಿಯಾ ಮೂಗರಳಿಸಿದಳು. ಎದ್ದು ನಿಂತು ಸೀದಾ ಅತ್ತೆಯ ತುರುಬಿಗೇ ಮೂಗಿಟ್ಟಳು!

"ಅಯ್ಯಯ್ಯೋ, ಇದ್ಯಾಕವ್ವಾ ತಲೆ ಮೂಸ್ತಾವ್ಳೆ!"

"ಬೇಸಿಲ್! ಬೇಸಿಲ್!" ಅಂತ ಕುಣಿದಳು ಲೂಚಿಯಾ.

ನೋಡಿದರೆ ಕನಕಾಂಬರದ ಜೊತೆ ಕಟ್ಟಿದ ಕಾಮಕಸ್ತೂರಿ! ಚಿಕ್ಕಂದಿನಿಂದ ಮುಡಿದಿದ್ದೇನೆ. ಒಂದು ದಿನವಾದರೂ ಬಾಯಿಗೆ ಹಾಕಿ ನೋಡಿದ್ದೇನೆಯೇ? ಇಲ್ಲ. ಯಾವ ಸೊಪ್ಪು ತಲೆಗೆ, ಯಾವುದು ತಟ್ಟೆಗೆ ಅಂತ ತೀರ್ಮಾನಿಸಿದವರು ಯಾರು? ಕೊತ್ತಂಬರಿಯೂ ಘಮಘಮ ಅನ್ನುತ್ತದಲ್ಲ, ಅದನ್ನು ಯಾಕೆ ಯಾರೂ ಮುಡಿಯುವುದಿಲ್ಲ?

"ಮುಡ್ಯೋದ್ನ ತಿಂದಾರಾ?" ಅಂದರು ಅತ್ತೆ. ಆದರೆ ಲೂಚಿಯಾಳ ಮುಖ ನೋಡಿದ್ದೇ ಮೆತ್ತಗಾದರು. ಒಳಗೆ ಹೋಗಿ, ಸಂಜೆಗೆಂದು ಬಾಳೆಲೆಯಲ್ಲಿ ಸುತ್ತಿಟ್ಟಿದ್ದ ಉಳಿದರ್ಧ ಹೂವು ತಂದರು. ಕನಕಾಂಬರ ಬಿಡಿಸಿ, ಸೊಪ್ಪನ್ನು ತಾವೇ ತೊಳೆದುಕೊಟ್ಟರು.

ಲೂಚಿಯಾ ಎಲೆಗಳನ್ನು ಕೈಯಲ್ಲೇ ಹರಿದು ಟೊಮ್ಯಾಟೊ ಮೇಲೆ ಉದುರಿಸಿದಳು. ಒಂದು ತುತ್ತು ತಿಂದು ಕಣ್ಣು ಮುಚ್ಚಿದಳು. ಮತ್ತೆ ಅತ್ತಳು, ಈ ಸಲ ನಗುತ್ತಾ. ನನಗೂ ಕಣ್ಣು ತುಂಬಿ ಬಂತು. ಅತ್ತೆಯೂ ಒಂದು ಚೂರು ಕಚ್ಚಿ, "ಒಸಿ ಖಾರ ಬೇಕಾಗಿತ್ತು" ಅಂದರು.

ಹೊರಡುವಾಗ ಮಿಕ್ಕಿದ್ದ ಒಂದು ಕುಡಿಯನ್ನು ಅತ್ತೆ ಅವಳ ಗಿಡ್ಡ ಕೂದಲಿಗೆ ಪಿನ್ನು ಹಾಕಿ ಸಿಕ್ಕಿಸಿದರು. ವಾಪಸ್ ಹೋಗುವ ಮಾತು ಏನಾಯಿತು ಅಂತ ನಾನು ಕೇಳುವ ಮೊದಲೇ, "ಮುಂದಿನ ಭಾನುವಾರವೂ ಬರಲಾ?" ಅಂದಳು ಲೂಚಿಯಾ. ಅನ್ನುತ್ತಲೇ ಕೈ ಮೇಲೆತ್ತಿ, ಆ ಕುಡಿಯಿಂದ ಒಂದು ಎಲೆ ಕಿತ್ತು ಬಾಯಿಗೆ ಹಾಕಿಕೊಂಡಳು.

ಅವಳು ಕೇಳಿದ್ದನ್ನು ನಾನು ಅತ್ತೆಗೆ ಕನ್ನಡದಲ್ಲಿ ಹೇಳಿದೆ. ಅತ್ತೆ ಅವಳನ್ನೇ ನೋಡುತ್ತಾ ಅಂದರು: "ಬರ್ಲಿ ಬುಡು. ಆದ್ರೆ ತಲೇಲಿರೋದ್ನೂ ಹಿಂಗೇ ತಿಂದ್ಬುಟ್ರೆ, ಮುಡ್ಯೋಕೆ ಏನೈತವ್ವಾ?"