ತಾನಾಗಿ ತುಂಬಿದ ಸಂಖ್ಯೆ

ನನ್ನ ಕಣ್ಣಿನ ನೋಟ ಅಂಚುಗಳಿಂದ ಒಳಕ್ಕೆ ಕಳೆಯುತ್ತ ಬಂತು. ಕುಷ್ಟಗಿಯಲ್ಲಿ ಕಾಲೇಜು ಓದುವಾಗಲೇ ಮುಸ್ಸಂಜೆಯಾದರೆ ಸೈಕಲ್ ಇಳಿದು ತಳ್ಳಿಕೊಂಡು ಮನೆಗೆ ಬರುತ್ತಿದ್ದೆ. ಇದಕ್ಕೆ ಔಷಧವಿಲ್ಲ, ನಿಧಾನವಾಗಿ ಹೋಗುತ್ತದೆ ಎಂದು ಕಣ್ಣಿನ ಡಾಕ್ಟರು ಆಗಲೇ ಹೇಳಿದ್ದರು. ಹಾಗೇ ಆಯಿತು. ಗಂಗಾವತಿಯ ಒಂದು ಖಾಸಗಿ ಲ್ಯಾಬಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದಾಗ ಪರದೆಯ ನಡುಭಾಗವಾದರೂ ಕಾಣುತ್ತಿತ್ತು. ಮಗಳು ಶಾಲೆಗೆ ಹೋಗುವ ಹೊತ್ತಿಗೆ ಅದೂ ಮಬ್ಬಾಗಿ, ಬಾಗಿಲಲ್ಲಿ ಯಾರೋ ನಿಂತಿದ್ದಾರೆ ಎಂಬಷ್ಟು ಮಾತ್ರ ತಿಳಿಯುತ್ತಿತ್ತು.

ಆದರೂ ಕೆಲಸ ಬಿಡಲಿಲ್ಲ. ಚಿತ್ರಗಳ ಮೇಲೆ ಮೌಸ್ ಒತ್ತಿ ಮಾಡುವ ಕೆಲಸ ನನ್ನಂಥವನಿಗೆ ಕಷ್ಟ. ಕಂಪ್ಯೂಟರಿಗೆ ಬರೆದೇ ಆಜ್ಞೆ ಕೊಡುವ ಶೆಲ್ ಹಾಗಲ್ಲ, ಅಲ್ಲಿ ಎಲ್ಲವೂ ಅಕ್ಷರ. ಒಂದು ಸಾಲಿನ ಕಮಾಂಡ್ ಟೈಪ್ ಮಾಡಿ ಎಂಟರ್ ಒತ್ತಿದರೆ ಕೆಲಸವಾಗುತ್ತದೆ. ಏನಾಯಿತೆಂದು ಕಂಪ್ಯೂಟರ್ ಮತ್ತೆ ಅಕ್ಷರದಲ್ಲೇ ತಿಳಿಸುತ್ತದೆ. ಆ ಅಕ್ಷರಗಳನ್ನು ಓದಿ ಹೇಳುವ ಯಂತ್ರದ ದನಿಯೊಂದು ದಿನವಿಡೀ ನನ್ನ ಹೆಡ್‌ಫೋನಿನಲ್ಲಿ ಮಾತಾಡುತ್ತಿತ್ತು.

ರೋಗಿಗಳ ಮೊಬೈಲಿಗೆ ರಿಪೋರ್ಟ್ ಕಳಿಸುವುದು ನನ್ನ ಮುಖ್ಯ ಕೆಲಸ. ಅದಕ್ಕಾಗಿ ನಾನೇ ಒಂದು ಕಮಾಂಡ್ ಬರೆದುಕೊಂಡಿದ್ದೆ. ಮೊದಲು ರೋಗಿಯ ಸಂಖ್ಯೆ ಟೈಪ್ ಮಾಡುವುದು, ಆಮೇಲೆ ಟ್ಯಾಬ್ ಕೀ ಒತ್ತುವುದು. ಆ ರೋಗಿಯ ರಿಪೋರ್ಟಿಗೆ ಡಾಕ್ಟರ ಸಹಿ ಆಗಿದ್ದರೆ ರಿಪೋರ್ಟಿನ ಸಂಖ್ಯೆ ತಾನಾಗಿ ಸಾಲಿನಲ್ಲಿ ತುಂಬುತ್ತಿತ್ತು. ಆಗಿಲ್ಲದಿದ್ದರೆ ಏನೂ ತುಂಬದೆ ಒಂದು ಬೀಪ್ ಸದ್ದು. ರಿಪೋರ್ಟಿನ ಸಂಖ್ಯೆ ಸಹಿಯಾದಾಗಲೇ ಹುಟ್ಟುತ್ತಿದ್ದರಿಂದ ಅದು ನನಗೆ ಮೊದಲೇ ಗೊತ್ತಿರುತ್ತಿರಲಿಲ್ಲ. ತುಂಬಿತೆಂದರೆ ಸರಿ, ಬೀಪ್ ಬಂತೆಂದರೆ ಕಾಯಬೇಕು. ತುಂಬುವ ಸಂಖ್ಯೆ ಆ ರೋಗಿಯದೇ ಆಗಿರುವಂತೆ ಟ್ಯಾಬಿನ ನಿಯಮವನ್ನು ಬಿಗಿ ಮಾಡಿದ್ದೆ. ರಿಪೋರ್ಟಿನೊಳಗೆ ಹೆಸರಿರುತ್ತಿರಲಿಲ್ಲ; ಹೆಸರು, ಊರು, ವಯಸ್ಸಿನ ಮೇಲುಹಾಳೆಯನ್ನು ರೋಗಿಯ ಸಂಖ್ಯೆ ನೋಡಿ ಕಮಾಂಡೇ ಜೋಡಿಸಿ ಕಳಿಸುತ್ತಿತ್ತು.

ಅದೊಂದು ಬೆಳಿಗ್ಗೆ ಮರಳಿಯ ಹೆಣ್ಣುಮಗಳೊಬ್ಬಳ ಸಂಖ್ಯೆ ಹಾಕಿ ಟ್ಯಾಬ್ ಒತ್ತಿದೆ. ಕೊರಳಲ್ಲಿ ಗಂಟು ಎಂದು ಸೂಜಿ ಹಾಕಿಸಿ ಪರೀಕ್ಷೆಗೆ ಕೊಟ್ಟು ಹೋಗಿದ್ದಳು. ಸಂಖ್ಯೆ ತುಂಬಿತು. ದನಿ ಅದನ್ನು ಓದಿತು. ಎಂಟರ್ ಒತ್ತಿದೆ. ಕಳಿಸಲಾಗಿದೆ ಎಂದಿತು.

ನಾಲ್ಕು ದಿನದ ಮೇಲೆ ಆಕೆ ಗಂಡನ ಜೊತೆ ಬಂದಳು. ಮಾತಾಡಿದ್ದೆಲ್ಲ ಗಂಡನೇ. ಔಷಧದ ಅಂಗಡಿಯವರು ಮೊಬೈಲ್ ನೋಡಿ ಕ್ಯಾನ್ಸರ್ ಎಂದು ಓದಿ ಹೇಳಿದ್ದರಂತೆ. ಇನ್ನು ಎಲ್ಲಿಗೆ ಹೋಗಬೇಕು, ಯಾವ ದವಾಖಾನೆ ಛಲೋ, ಎಂದು ಕೇಳಲು ಬಂದಿದ್ದರು. ನಮ್ಮ ಡಾಕ್ಟರಮ್ಮ ಆ ಮೊಬೈಲ್ ಇಸಿದುಕೊಂಡು ಎರಡು ಸಲ ಗುಣುಗುಟ್ಟಿ ಓದಿಕೊಂಡರು. ಆಮೇಲೆ ಒಳಗೆ ಹೋಗಿ ಗಾಜಿನ ಸ್ಲೈಡ್ ಮತ್ತೆ ಸೂಕ್ಷ್ಮದರ್ಶಕದ ಕೆಳಗಿಟ್ಟರು. ಹೊರಗೆ ಬಂದಾಗ ಅವರ ದನಿ ಬದಲಾಗಿತ್ತು.

"ಅಮ್ಮಾ, ಇದು ನಿಮ್ಮದಲ್ಲ. ನಿಮ್ಮ ಗಂಟಿನಾಗ ಏನೂ ಇಲ್ಲ. ಥೈರಾಯ್ಡ್ ಬಾವು ಅಷ್ಟ. ಗುಳಿಗಿ ತಗೊಂಡ್ರ ಇಳೀತೈತಿ. ನಾ ನಿಮ್ಮ ರಿಪೋರ್ಟಿಗೆ ಸಹಿನೇ ಮಾಡಿದ್ದಿಲ್ಲ."

ಆಕೆ ಅಳತೊಡಗಿದಳು.

"ಮಗಳಿಗೆ ಮೂಗುತಿ ಬಿಚ್ಚಿ ಕೊಟ್ಟೇನ್ರಿ. ಸೊಸಿಗೆ ಒಲಿ ಒಪ್ಪಿಸೇನಿ. ಒಂದು ತುತ್ತು ಅನ್ನ ಗಂಟಲದಾಗ ಇಳದಿಲ್ಲ. ಹಿಂಗ್ಯಾಕ ಮಾಡಿದ್ರಿ ಯವ್ವಾ?"

ಗಂಡ ಮೇಜಿಗೆ ಕೈ ಬಡಿದು ಕೂಗಾಡಿದ. ಕೂಗುವುದು ನ್ಯಾಯವೇ ಆಗಿತ್ತು. ಅವನು ಸುಮ್ಮನಾದ ಮೇಲೆ ಆಕೆ ಮೂಗು ಎಳೆದುಕೊಳ್ಳುತ್ತ ಕೇಳಿದಳು: "ಹಂಗಾರ ಇದು ಯಾರದ್ರಿ? ಅವರಿಗೆ ಗೊತ್ತಾಗೇತೇನು?"

ಗೊತ್ತಾಗಿರಲಿಲ್ಲ. ಅದು ಕಾರಟಗಿಯ ಗಂಡಸೊಬ್ಬನದು, ಅವನೂ ಗಂಟಿಗೆ ಸೂಜಿ ಹಾಕಿಸಿಕೊಂಡಿದ್ದ. ಅಕ್ಕಿ ಗಿರಣಿಯಲ್ಲಿ ಚೀಲ ಹೊರುವ ಹಮಾಲ. ಒಮ್ಮೆ ಕಳಿಸಿದ ರಿಪೋರ್ಟ್ ಕಳಿಸಿದವುಗಳ ಫೋಲ್ಡರಿಗೆ ಹೋಗಿಬಿಡುತ್ತಿತ್ತು. ಲೆಕ್ಕಕ್ಕೆ ಅವನದು ತಲುಪಿತ್ತು, ಅವನಿಗೆ ಮಾತ್ರ ತಲುಪಿರಲಿಲ್ಲ. ಡಾಕ್ಟರಮ್ಮ ಅಂದೇ ಫೋನ್ ಮಾಡಿಸಿ ಕರೆಸಿದರು. ಹೆಂಡತಿಯ ಜೊತೆ ಬಂದು ನನ್ನ ಪಕ್ಕದ ಬೆಂಚಿನ ಮೇಲೆ ಕೂತ. ಮೈಯಿಂದ ತೌಡಿನ ವಾಸನೆ ಬರುತ್ತಿತ್ತು.

"ರಿಪೋರ್ಟ್ ಬರಲಿಲ್ಲಲ್ರಿ ಸರ," ಎಂದು ನನ್ನೊಡನೆ ಮಾತಿಗಿಳಿದ. "ಏನೂ ಇಲ್ಲ, ಅದಕ್ಕ ಕಳಿಸಿಲ್ಲ ಅಂತ ತಿಳಕೊಂಡಿದ್ದೆ. ಖುಷಿಲೇ ಕೆಲಸಕ್ಕ ಹೋಗಾಕತ್ತಿದ್ದೆ."

ಡಾಕ್ಟರಮ್ಮ ಗಂಡಹೆಂಡಿರನ್ನು ಒಳಗೆ ಕರೆದರು. ಬಾಗಿಲು ಮುಚ್ಚಿತು. ಹೆಂಡತಿಯ ದನಿ ಒಮ್ಮೆ ಮೇಲೆದ್ದು ನಿಂತುಹೋದದ್ದು ನನಗೆ ಕೇಳಿಸಿತು. ಮರಳಿಯ ಮನೆಯಿಂದ ಇಳಿದ ಭಾರ ಇವರ ಮೇಲೆ ಬಿದ್ದಿತ್ತು.

ಮರುದಿನ ಡಾಕ್ಟರಮ್ಮ ನನ್ನನ್ನು ಕೂರಿಸಿಕೊಂಡರು. ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತೇನೋ.

"ನೋಡ್ರಿ, ನಿಮಗ ಪರದೆ ಕಾಣಂಗಿಲ್ಲ. ಬೆರಳು ಎಲ್ಲೋ ತಪ್ಪೇತಿ. ಇನ್ನ ನೀವು ಕಳಿಸೋದು ಬ್ಯಾಡ."

"ಮೇಡಂ, ಬೆರಳು ತಪ್ಪಿಲ್ರಿ. ಟ್ಯಾಬ್ ಒತ್ತಿದೆ, ಅದ ತುಂಬಿತು. ಸಹಿ ಆಗದ ತುಂಬಾಂಗಿಲ್ರಿ."

"ತುಂಬೇತಲ್ಲ?"

ಮನೆಗೆ ಹೋಗುವ ದಾರಿಯುದ್ದಕ್ಕೂ ಆ ಬೆಳಿಗ್ಗೆಯನ್ನೇ ಮತ್ತೆ ಮತ್ತೆ ನೆನೆಸಿಕೊಂಡೆ. ನಿಜವಾಗಿಯೂ ಟ್ಯಾಬ್ ಒತ್ತಿದ್ದೆನೇ? ಮೇಲಿನ ಬಾಣದ ಕೀ ತಗಲಿ, ಮುಂಚೆ ಬೇರೆಯವರಿಗೆಂದು ಟೈಪ್ ಮಾಡಿದ್ದ ಸಾಲು ಮರಳಿ ಬಂದಿತ್ತೇ? ಕಣ್ಣು ಹೋದವನು ತನ್ನ ಬೆರಳನ್ನೂ ನೆನಪನ್ನೂ ನಂಬಿಯೇ ಬದುಕಬೇಕು. ಅವೆರಡರ ಮೇಲೂ ಅನುಮಾನ ಬಂದರೆ ಉಳಿಯುವುದೇನು? ಅಂದು ಊಟಕ್ಕೆ ಕೂತಾಗ ನೀರಿನ ಲೋಟ ಹುಡುಕುತ್ತ ಉರುಳಿಸಿದೆ. ಹೆಂಡತಿ ಸುಮ್ಮನೆ ಒರೆಸಿದಳು. ಆಮೇಲೆ ಕೇಳಿದಳು, "ನೀವ ತಪ್ಪು ಒತ್ತಿದ್ರೇನ್ರಿ?" ಅವಳಿಗೂ ಅನುಮಾನವಿತ್ತು. "ಗೊತ್ತಿಲ್ಲ" ಎಂದೆ.

ನನಗೆ ಅದು ಗೊತ್ತಾಗಲೇಬೇಕಿತ್ತು. ರಕ್ತ ಪರೀಕ್ಷೆ ಮಾಡುವ ಯಲಬುರ್ಗಾ ಕಡೆಯ ಹೆಣ್ಣುಮಗಳಿಗೆ ಕಳಿಸುವ ಕೆಲಸ ಒಪ್ಪಿಸಿದ್ದರು. ಆಕೆ ಸಾಲು ಸಾಲಾಗಿ ಕಣ್ಣಿನಿಂದ ನೋಡಿಯೇ ಕಳಿಸುತ್ತಿದ್ದಳು. ಮಧ್ಯಾಹ್ನ ಜನ ಕಡಿಮೆಯಾದಾಗ ಕಂಪ್ಯೂಟರನ್ನು ನನಗೆ ಬಿಟ್ಟುಕೊಡು ಎಂದು ಕೇಳಿದೆ.

"ಕುಂದರ್ರಿ ಅಣ್ಣಾರ. ನಾನೂ ನೋಡ್ತೀನಿ," ಎಂದು ಪಕ್ಕಕ್ಕೆ ಕುರ್ಚಿ ಎಳೆದುಕೊಂಡಳು.

ರಿಪೋರ್ಟಿಗೆ ಇನ್ನೂ ಸಹಿಯಾಗದ ರೋಗಿಯೊಬ್ಬರ ಸಂಖ್ಯೆ ಹಾಕಿ ಟ್ಯಾಬ್ ಒತ್ತಿದೆ. ಬೀಪ್ ಮಾತ್ರ. ಮತ್ತೆ ಒತ್ತಿದೆ. ಬೀಪ್. ಹಾಗಾದರೆ ತಪ್ಪು ನನ್ನದೇ. ಅಷ್ಟರಲ್ಲಿ ಡಾಕ್ಟರಮ್ಮ ಒಳಗೆ ಬೇರೆ ಯಾರದೋ ರಿಪೋರ್ಟಿಗೆ ಸಹಿ ಮಾಡಿರಬೇಕು. ನಿರಾಸೆಯಲ್ಲಿ ಇನ್ನೊಮ್ಮೆ ಒತ್ತಿದಾಗ ಸಾಲು ತುಂಬಿತು.

"ಅಯ್ಯ, ಇದು ಬ್ಯಾರೆದವರದ್ರಿ!" ಎಂದಳು ಆಕೆ. "ಫೋಲ್ಡರಿನಾಗ ಈಗ ಬಂದು ಬಿದ್ದಿರೋ ಫೈಲಿನ ಹೆಸರಿದು."

ಅಲ್ಲಿಗೆ ಎಳೆ ಸಿಕ್ಕಿತು. ನಾನು ಕೆಲಸ ಮಾಡುತ್ತಿದ್ದ ಫೋಲ್ಡರಿಗೇ ಸಹಿಯಾದ ರಿಪೋರ್ಟುಗಳು ಬಂದು ಬೀಳುತ್ತಿದ್ದವು; ರಿಪೋರ್ಟಿನ ಸಂಖ್ಯೆಯೇ ಫೈಲಿನ ಹೆಸರು. ಫೋಲ್ಡರ್ ಖಾಲಿಯಿದ್ದರೆ ಬೀಪ್. ಎರಡು ಮೂರು ಫೈಲುಗಳಿದ್ದರೆ ಯಾವುದೆಂದು ತಿಳಿಯದೆ ಅದು ಏನೂ ತುಂಬುತ್ತಿರಲಿಲ್ಲ. ಒಂದೇ ಫೈಲು ಇದ್ದರೆ ಮಾತ್ರ ಅದನ್ನು ಪೂರ್ತಿಯಾಗಿ ತುಂಬಿಬಿಡುತ್ತಿತ್ತು. ಆ ಬೆಳಿಗ್ಗೆ ಫೋಲ್ಡರಿನಲ್ಲಿ ಕಾರಟಗಿಯವನ ಫೈಲು ಒಂಟಿಯಾಗಿ ಕೂತಿತ್ತು.

ಆದರೆ ರಿಪೋರ್ಟ್ ಹುಡುಕಬೇಕಾದ ಟ್ಯಾಬ್, ಫೈಲಿನ ಹೆಸರನ್ನು ಯಾಕೆ ತರುತ್ತಿದೆ? ನನ್ನ ಕಮಾಂಡಿಗೆ ಟ್ಯಾಬಿನ ಯಾವ ನಿಯಮ ಕಟ್ಟಲಾಗಿದೆ ಎಂದು ಶೆಲ್ಲನ್ನೇ ಕೇಳಿದೆ. ದನಿ ಓದಿತು. ನಾನು ಬರೆದದ್ದೇ ಇತ್ತು, ಜೊತೆಗೆ ನಾನು ಬರೆಯದ ಒಂದು ಪದ: ಡಿಫಾಲ್ಟ್. ಅದರ ಅರ್ಥ, ನಿಯಮದ ಪ್ರಕಾರ ಏನೂ ಸಿಗದಿದ್ದರೆ ಸುಮ್ಮನಿರಬೇಡ, ಫೋಲ್ಡರಿನಲ್ಲಿರುವ ಫೈಲಿನ ಹೆಸರನ್ನು ಕೊಡು.

ಆ ನಿಯಮ ಬರೆದಿಟ್ಟಿದ್ದ ನನ್ನ ಫೈಲು ತೆರೆದು ಹುಡುಕಿದೆ. ಅಲ್ಲಿ ಆ ಪದವೇ ಇಲ್ಲ. ನಿಯಮವನ್ನು ಹೊಸದಾಗಿ ಕಟ್ಟಿ ಪರೀಕ್ಷಿಸಿದೆ, ಸರಿಹೋಯಿತು. ಖುಷಿಯಿಂದ ಹೊಸ ಶೆಲ್ ತೆರೆದರೆ ಮತ್ತೆ ಅದೇ ಕಥೆ. ಅಂದರೆ ನನ್ನದಾದ ಮೇಲೆ ಬೇರೆ ಯಾವುದೋ ಫೈಲು ಓದಿಸಿಕೊಂಡು ನನ್ನ ನಿಯಮವನ್ನು ಅಳಿಸಿ ತನ್ನದನ್ನು ಕಟ್ಟುತ್ತಿದೆ. ಶೆಲ್ ಶುರುವಾಗುವಾಗ ಓದುವ ಫೈಲುಗಳನ್ನೆಲ್ಲ ಒಂದೊಂದಾಗಿ ಓದಿಸಿಕೊಂಡು ಕೇಳುತ್ತ ಹೋದೆ. ಕೊನೆಗೂ ಸಿಕ್ಕಿತು. ಹಿಂದಿನ ವಾರ, ಆ ಬೆಳಿಗ್ಗೆಯ ಮುನ್ನಾದಿನ, ಕಂಪ್ಯೂಟರ್ ಅಪ್‌ಡೇಟ್ ಮಾಡಿಹೋದ ಹೊರಗಿನ ಕಂಪನಿಯವರು ಇಟ್ಟ ಫೈಲು. ಲ್ಯಾಬಿನ ಎಲ್ಲ ಕಮಾಂಡುಗಳಿಗೂ ಒಟ್ಟಿಗೆ ಆ ಪದ ಸೇರಿಸಿದ್ದರು.

ಅವರಿಗೆ ಫೋನ್ ಮಾಡಿದೆ. ಎತ್ತಿದವನು ಮರ್ಯಾದೆಯಿಂದಲೇ ಮಾತಾಡಿದ.

"ಹೌದ್ರಿ ಸರ, ನಾವ ಹಾಕೀವಿ. ಟ್ಯಾಬ್ ಒತ್ತಿದ್ರ ಏನೂ ಬರಂಗಿಲ್ಲ ಅಂತ ಎಲ್ಲಾ ಕಡಿ ಕಂಪ್ಲೇಂಟ್ ಇರ್ತಾವ್ರಿ. ಅದು ಅನುಕೂಲಕ್ಕ ಹಾಕಿದ್ದು."

"ನನಗ ಏನೂ ಬರದ ಇರೋದ ಬೇಕಾಗಿತ್ರಿ," ಎಂದೆ. ಅವನಿಗೆ ಅರ್ಥವಾಗಲಿಲ್ಲ.

ಆ ಪದ ತೆಗೆದುಹಾಕಿದೆ. ಹೊಸ ಶೆಲ್ ತೆರೆದು, ಫೋಲ್ಡರಿನಲ್ಲಿ ಒಂದೇ ಒಂದು ಸುಳ್ಳು ಫೈಲಿಟ್ಟು ಟ್ಯಾಬ್ ಒತ್ತಿದೆ. ಬೀಪ್. ಇನ್ನು ಮುಂದೆ ಟ್ಯಾಬನ್ನಷ್ಟೇ ನಂಬುವಂತಿರಲಿಲ್ಲ. ರೋಗಿಗೂ ರಿಪೋರ್ಟಿಗೂ ತಾಳೆಯಾಗದಿದ್ದರೆ ಕಳಿಸುವುದಿಲ್ಲ ಎಂಬ ತಡೆಯನ್ನು ಕಮಾಂಡಿನೊಳಗೂ ಹಾಕಿದೆ. ಬೆರಳು ತಪ್ಪಿರಲಿಲ್ಲ. ನೆನಪೂ ಸುಳ್ಳು ಹೇಳಿರಲಿಲ್ಲ.

ಡಾಕ್ಟರಮ್ಮನನ್ನು ಕರೆದು ತೋರಿಸಿದೆ. ಅವರು ನಿಂತೇ ಕೇಳಿದರು, ಎರಡು ಸಲ ಮಾಡಿ ತೋರಿಸಿ ಎಂದರು, ಕಂಪನಿಯವರಿಗೆ ಫೋನಿನಲ್ಲಿ ಕಟುವಾಗಿ ಮಾತಾಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ನಿಮ್ಮ ತಪ್ಪಲ್ಲ ಅಂತ ಗೊತ್ತಾತು. ಆದ್ರ ಕಳಿಸೋ ಕೆಲಸ ಆಕೀಗೇ ಇರಲಿ. ನಾಳೆ ಮತ್ತೊಂದು ಅಪ್‌ಡೇಟ್ ಬರತೈತಿ, ಮತ್ತೊಬ್ಬರು ಬಂದು ಮತ್ತೇನರೆ ಮಾಡ್ತಾರ. ಕಣ್ಣಿದ್ದವರಿಗೆ ಬ್ಯಾರೆದವರ ಫೈಲು ಬಂದ್ರ ಕಾಣತೈತಿ. ನಿಮಗ ಹೆಂಗ ಕಾಣಬೇಕು?"

ವಾದಿಸಬೇಕೆಂದುಕೊಂಡೆ. ಆದರೆ ಬಾಗಿಲ ಹಿಂದೆ ಮೇಲೆದ್ದು ನಿಂತುಹೋದ ಹಮಾಲನ ಹೆಂಡತಿಯ ದನಿ ನೆನಪಾಯಿತು. "ಆಗ್ಲಿರಿ" ಎಂದೆ.

ಮನೆಯಲ್ಲಿ ಹೆಂಡತಿಗೆ ಎಲ್ಲ ಹೇಳಿದೆ. ಹಾಗೆ ಕೇಳಬಾರದಿತ್ತು ಎಂದು ಅತ್ತಳು. ನೀನು ಕೇಳಿದ್ದರಲ್ಲಿ ತಪ್ಪಿಲ್ಲ, ನಾನೇ ನನ್ನನ್ನು ಕೇಳಿಕೊಂಡಿದ್ದೆ ಎಂದೆ.

ಮರಳಿಯವಳು ಗುಳಿಗೆ ತೆಗೆದುಕೊಂಡು ಹುಷಾರಾದಳೆಂದು ಕೇಳಿದೆ. ಮತ್ತೆ ನಮ್ಮ ಲ್ಯಾಬಿನ ಮೆಟ್ಟಿಲು ಹತ್ತಲಿಲ್ಲ. ಕಾರಟಗಿಯವನಿಗೆ ಹುಬ್ಬಳ್ಳಿಯಲ್ಲಿ ಆಪರೇಶನ್ ಆಯಿತು. ಆ ನಾಲ್ಕು ದಿನದ ತಡದಿಂದ ಏನೂ ವ್ಯತ್ಯಾಸವಾಗಲಿಲ್ಲ, ಗಂಟು ಮೊದಲೇ ಬೇರು ಬಿಟ್ಟಿತ್ತು ಎಂದು ಡಾಕ್ಟರಮ್ಮ ಹೇಳಿದರು. ನಂಬಿದ್ದೇನೆ. ಭತ್ತದ ಸುಗ್ಗಿಗೆ ಮುಂಚೆಯೇ ಅವನು ತೀರಿಕೊಂಡ. ಯಾವುದೋ ಕಾಗದಕ್ಕಾಗಿ ರಿಪೋರ್ಟುಗಳ ನಕಲು ಬೇಕೆಂದು ಅವನ ಹೆಂಡತಿ ಬಂದಿದ್ದಳು. ನಾನು ಮುಂದಿನ ಮೇಜಿನಲ್ಲಿ ಫೋನ್ ಎತ್ತುವ ಕೆಲಸದಲ್ಲಿದ್ದೆ. ನಕಲು ಸಿಗುವವರೆಗೆ ಆಕೆ ನನ್ನ ಎದುರಿನ ಬೆಂಚಿನ ಮೇಲೆ ಕೂತಿದ್ದಳು.

"ಆವತ್ತು ನಮ್ಮವರ ಜೋಡಿ ಮಾತಾಡಿದವರು ನೀವ ಅಲ್ರಿ?" ಎಂದು ಕೇಳಿದಳು.

"ಹೌದ್ರಿ."

"ಆ ನಾಕು ದಿನ ಭಾಳ ಖುಷಿಲೇ ಇದ್ರು," ಎಂದಳು. ಅದು ದೂರೋ ಸಮಾಧಾನವೋ ಆ ದನಿಯಲ್ಲಿ ನನಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ. ನಕಲುಗಳು ಬಂದವು, ಚೀಲದಲ್ಲಿಟ್ಟುಕೊಂಡು ಹೋದಳು. ನಾನು ಮುಂದಿನ ಫೋನ್ ಎತ್ತಿದೆ.