ಹೌಬಾನಿನಿಂದ ಪೇಟೆಗೆ ಹದಿನೈದು ನಿಮಿಷ

ಶಿರ್ವದ ವ್ಯಾಲೆಂಟೈನ್ ಮಿನೇಜಸ್‌ಗೆ ಯೆಮೆನ್ ದೇಶದ ರಸ್ತೆಗಳೆಲ್ಲ ಅಂಗೈ ಗೆರೆಗಳ ಹಾಗೆ ಗೊತ್ತಿದ್ದವು. ಗೊತ್ತಿದ್ದರೆ ಇರಲಿ, ಯಾರು ಬೇಡವೆಂದರು? ಗೊತ್ತಿದ್ದದ್ದನ್ನು ಹೇಳದೆ ಇರುವುದು ಮಾತ್ರ ಅವನಿಂದ ಆಗುತ್ತಿರಲಿಲ್ಲ. ಅವನ ಸಂಕಟಕ್ಕೆಲ್ಲ ಅದೇ ಮೂಲ.

ಹದಿನೆಂಟು ವರ್ಷ ಅವನು ತಾಯಿಜ್ ಎಂಬ ಊರಿನ ಆಸ್ಪತ್ರೆಯೊಂದರ ವ್ಯಾನ್ ಓಡಿಸಿದ್ದ. ಹೆಂಡತಿ ಸುಜಾನ್ ಅಲ್ಲೇ ನರ್ಸು. 2009ರಲ್ಲಿ ಅವಳಿಗೆ ಲಂಡನ್ನಿನಲ್ಲಿ ಕೆಲಸ ಸಿಕ್ಕಿತು. ಮಗಳು ಜೆನಿಟಾಳನ್ನು ಕರೆದುಕೊಂಡು ಇಬ್ಬರೂ ಅಲ್ಲಿನ ಫೆಲ್ಥಮ್ಮಿಗೆ ಬಂದು ನೆಲೆಯಾದರು. ವ್ಯಾಲೆಂಟೈನ್ ಏರ್‌ಪೋರ್ಟಿನಲ್ಲಿ ಸರಕಿನ ಗಾಡಿ ಓಡಿಸಿ ರಿಟೈರ್ ಆದ. ಮೈ ಇಲ್ಲಿಗೆ ಬಂದರೂ ಬಾಯಿ ಮಾತ್ರ ಯೆಮೆನ್ ಬಿಟ್ಟು ಬರಲಿಲ್ಲ.

"ಏಡನ್ ಅಂದ್ರೆ ಎಂತದು ಗೊತ್ತುಂಟಾ? ಬ್ರಿಟಿಷರ ಹಡಗೆಲ್ಲ ಅಲ್ಲೇ ಕಲ್ಲಿದ್ದಲು ತುಂಬಿಸಿಕೊಳ್ತಾ ಇದ್ದದ್ದು," ಎಂದು ಊಟದ ಮೇಜಿನಲ್ಲಿ ಶುರುವಾಗುತ್ತಿತ್ತು. "ಅಲ್ಲಿಂದ ಪಶ್ಚಿಮಕ್ಕೆ ಹೋದ್ರೆ ಬಾಬ್ ಎಲ್ ಮಂದೆಬ್ ಜಲಸಂಧಿ. ಮೋಡ ಇಲ್ಲದ ದಿವಸ ಆಚೆ ಆಫ್ರಿಕಾ ಕಾಣ್ತದೆ. ಮೇಲೆ ಮೋಖಾ. ಲೋಕಕ್ಕೆಲ್ಲ ಕಾಫಿ ಕುಡಿಸಿದ ಬಂದರು, ಈಗ ನೋಡಿದ್ರೆ ಬರೀ ಮೀನಿನ ದೋಣಿ. ತೊಂಬತ್ತರವರೆಗೆ ಯೆಮೆನ್ ಎರಡು ದೇಶ ಮಾರಾಯ್ತಿ. ನಾನು ಹೋಗುವಾಗ ಗಡಿಯ ಗೇಟು ಕಿತ್ತು ಹಾಕಿ ಆಗಿತ್ತು, ಕಂಬ ಹಾಗೇ ಇತ್ತು."

"ಪಪ್ಪಾ, ನಾಟ್ ಯೆಮೆನ್ ಅಗೇನ್, ಪ್ಲೀಸ್," ಎನ್ನುತ್ತಿದ್ದಳು ಜೆನಿಟಾ.

"ಓಯ್, ಸಾರು ತಣಿತದೆ, ಉಣ್ಣಿ ಮೊದಲು," ಎನ್ನುತ್ತಿದ್ದಳು ಸುಜಾನ್. ಅವನ ಮಾತನ್ನು ಕಿವಿಯ ಮೇಲೆ ಹಾಕಿಕೊಳ್ಳುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಪಾಪ, ದಿನಕ್ಕೆ ಎರಡು ಸಲ ಕೇಳಿದರೆ ಯಾರಿಗಾದರೂ ತಲೆ ಚಿಟ್ಟು ಹಿಡಿಯುತ್ತದೆ.

2015ರಲ್ಲಿ ಅಲ್ಲಿ ಯುದ್ಧ ಶುರುವಾಯಿತು. ತಾನು ಕೆಲಸ ಮಾಡಿದ ಆಸ್ಪತ್ರೆಯ ಬೀದಿ ಟಿವಿಯಲ್ಲಿ ಹೊಗೆಯಾಡುತ್ತಿದ್ದುದನ್ನು ಒಂದು ಸಲ ನೋಡಿ ಅವನು ಎದ್ದುಹೋದ. ಅಂದಿನಿಂದ ಯೆಮೆನ್ ಎಂಬ ಹೆಸರು ಸುದ್ದಿಯಲ್ಲಿ ಬಂದರೆ ಸಾಕು, ಚಾನೆಲ್ ಬದಲಾಯಿಸುತ್ತಿದ್ದ. ತನ್ನ ಯೆಮೆನ್ ತನ್ನ ತಲೆಯಲ್ಲಿ ಚೆನ್ನಾಗಿತ್ತು, ಅಷ್ಟು ಸಾಕೆಂದುಕೊಂಡಿದ್ದ.

ರಿಟೈರ್ ಆದ ಮೇಲೆ ಮನೆಯಲ್ಲಿ ಹೊತ್ತು ಹೋಗದೆ ಅರಬ್ಬಿ ದುಭಾಷಿಯ ಕೆಲಸ ಹಿಡಿದ. ಆಶ್ರಯ ಕೇಳಿ ಬಂದವರನ್ನು ಅಧಿಕಾರಿಗಳು ವಿಚಾರಿಸುವಾಗ ಪಕ್ಕದಲ್ಲಿ ಕುಳಿತು ಈ ಕಡೆಯ ಮಾತನ್ನು ಆ ಕಡೆಗೆ ದಾಟಿಸಬೇಕು, ತನ್ನದೊಂದು ಮಾತನ್ನೂ ಸೇರಿಸಬಾರದು. ಇವನಿಗೆ ಇಂಥ ಕೆಲಸ! ಆದರೂ ಎರಡು ವರ್ಷ ನಾಲಿಗೆ ಕಚ್ಚಿಕೊಂಡು ಮಾಡಿದ.

2023ರ ಮಾರ್ಚ್‌ನಲ್ಲಿ ಒಂದು ಬೆಳಿಗ್ಗೆ ಹಮೂದ್ ಎಂಬವನು ಎದುರಿಗೆ ಬಂದು ಕುಳಿತ. ನಲವತ್ತು ದಾಟಿದವನು, ತಾಯಿಜ್‌ನವನೆಂದು ಹೇಳಿಕೊಂಡ. ಊರಂಚಿನ ಹೌಬಾನ್‌ನ ಬಿಸ್ಕತ್ತು ಕಾರ್ಖಾನೆಯಲ್ಲಿ ಕೆಲಸ, ಪೇಟೆಯೊಳಗೆ ಮನೆ. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ಅಲ್ಲೇ ಉಳಿದಿದ್ದರು. ಇಲ್ಲಿ ಆಶ್ರಯ ಸಿಕ್ಕರೆ ಅವರನ್ನೂ ಕರೆಸಿಕೊಳ್ಳಬಹುದಿತ್ತು. ಒಳಗೆ ಬರುವ ಮೊದಲು ಅವನು ವ್ಯಾಲೆಂಟೈನನ ಹತ್ತಿರ ವಾಪಸು ಹೋಗುವ ಬಸ್ಸು ಯಾವುದೆಂದು ಕೇಳಿದ್ದ. ಸರಕಾರ ಅವನನ್ನು ಇರಿಸಿದ್ದದ್ದೂ ಫೆಲ್ಥಮ್ ಹತ್ತಿರದ ಹೋಟೆಲಿನಲ್ಲೇ. ಅವನ ಮಾತು ತಾಯಿಜ್‌ನದ್ದೇ ಎಂದು ವ್ಯಾಲೆಂಟೈನನ ಕಿವಿಗೆ ಆಗಲೇ ಗೊತ್ತಾಗಿತ್ತು.

ನಿಜವಾಗಿ ಆ ಊರಿನವನೇ ಹೌದೋ ಅಲ್ಲವೋ ಎಂದು ಪರೀಕ್ಷಿಸಲು ಅಧಿಕಾರಿ ಹೆಂಗಸು ಊರಿನ ಪ್ರಶ್ನೆಗಳನ್ನೇ ಕೇಳಿದಳು. ಊರಿನ ನೆತ್ತಿಯ ಮೇಲಿರುವ ಬೆಟ್ಟ ಯಾವುದು? ಸಬೀರ್. ಏಡನ್ನಿಗೆ ಯಾವ ಕಡೆಯಿಂದ ಹೋಗುತ್ತಾರೆ? ಎಲ್ಲ ಸರಿಯಾಗಿಯೇ ಹೇಳುತ್ತಿದ್ದ. ಆಮೇಲೆ ಕೇಳಿದಳು, ಕಾರ್ಖಾನೆಯಿಂದ ಮನೆಗೆ ಎಷ್ಟು ಹೊತ್ತಿನ ದಾರಿ?

"ಆರು ಗಂಟೆ," ಎಂದ ಹಮೂದ್. "ಯಾಕೆಂದರೆ ಆ ರಸ್ತೆ..."

"ಕೇಳಿದ್ದಕ್ಕಷ್ಟೇ ಉತ್ತರ ಸಾಕು," ಎಂದು ಅಧಿಕಾರಿ ಮುಂದಿನ ಪ್ರಶ್ನೆಗೆ ಹೋದಳು. ಆರು ಗಂಟೆ ಎಂಬುದನ್ನು ದಾಟಿಸುವಾಗಲೇ ವ್ಯಾಲೆಂಟೈನನ ಮೂಗಿನಿಂದ ಸಣ್ಣದೊಂದು ನಗೆ ಹೊರಟಿತ್ತು. ಅಯ್ಯೋ ದೇವರೇ, ಹೌಬಾನಿನಿಂದ ಪೇಟೆಗೆ ಆರು ಗಂಟೆಯೇ! ಎರಡು ಸಿಗರೇಟು ಮುಗಿಯುವ ಮೊದಲೇ ಅವನು ಅದೆಷ್ಟು ಸಲ ಆ ದಾರಿ ಮುಗಿಸಿದ್ದನೋ.

ಆ ನಗೆ ಅಧಿಕಾರಿಯ ಕಣ್ಣಿಗೆ ಬಿತ್ತು. ಹಮೂದ್ ನೀರು ಕುಡಿಯಲು ಹೊರಗೆ ಹೋದಾಗ ಅವಳು ಪೆನ್ನು ಕೆಳಗಿಟ್ಟು ಕೇಳಿದಳು, "ಮಿಸ್ಟರ್ ಮಿನೇಜಸ್, ನೀವು ಆ ಊರಲ್ಲಿ ಇದ್ದವರಲ್ಲವೇ? ನಿಜವಾಗಿ ಎಷ್ಟು ಹೊತ್ತು?"

ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಯಾರೋ ಅವನನ್ನು ಯೆಮೆನ್ ಬಗ್ಗೆ ಕೇಳಿದ್ದರು! ವ್ಯಾಲೆಂಟೈನನ ಮುಖ ಊರಗಲ ಆಯಿತು. ಗೊತ್ತಿಲ್ಲ ಎನ್ನಬೇಕಿತ್ತು, ನಾನು ಹೇಳುವ ಹಾಗಿಲ್ಲ ಎನ್ನಬೇಕಿತ್ತು. ಹಾಳಾದ ಬಾಯಿ ಕೇಳಬೇಕಲ್ಲ!

"ಹದಿನೈದು ನಿಮಿಷ ಮ್ಯಾಡಮ್," ಎಂದ. "ನಾನು ದಿವಸಕ್ಕೆ ಎರಡು ಸಲ ಓಡಾಡಿದ ರಸ್ತೆ ಅದು. ಆರು ಗಂಟೆ ಎನ್ನುವವನು ಆ ಊರು ನೋಡಿಯೇ ಇಲ್ಲ." ಅವಳು ಬರೆದುಕೊಂಡಳು. ಆ ರಾತ್ರಿ ಅವನು ಎರಡು ಸಲ ಸಾರು ಹಾಕಿಸಿಕೊಂಡು ಉಂಡ.

ಆಗಸ್ಟಿನಲ್ಲಿ ಒಂದು ಶನಿವಾರ ಹೌನ್ಸ್ಲೋದ ಯೆಮೆನಿ ಹೋಟೆಲಿಗೆ ಊಟಕ್ಕೆ ಹೋಗಿದ್ದಾಗ, ಅಡುಗೆಯವನಾದ ನಾಜಿಯ ಹತ್ತಿರ ಈ ಕತೆ ಕೊಚ್ಚಿಕೊಂಡ. ನಾಜಿಯೂ ತಾಯಿಜ್‌ನವನೇ. "ಆರು ಗಂಟೆಯಂತೆ!" ಎಂದು ವ್ಯಾಲೆಂಟೈನ್ ತೊಡೆ ತಟ್ಟಿ ನಕ್ಕ.

ನಾಜಿ ನಗಲಿಲ್ಲ. ಕೈಯಲ್ಲಿದ್ದ ರೊಟ್ಟಿಯನ್ನು ಹಾಗೆಯೇ ಕೆಳಗಿಟ್ಟ. "ಚಿಕ್ಕಪ್ಪ, ಯುದ್ಧ ಶುರುವಾದಂದಿನಿಂದ ಆ ರಸ್ತೆ ಮುಚ್ಚಿದೆ. ನಡುವೆ ಗುಂಡು ಹಾರಿಸುವವರು, ನೆಲದಲ್ಲಿ ಬಾಂಬು. ಬೆಟ್ಟ ಸುತ್ತಿ ಹೋದರೆ ಆರು ಗಂಟೆ, ಮಳೆ ಬಂದರೆ ಹತ್ತು. ನನ್ನ ತಾಯಿಯನ್ನು ಆಸ್ಪತ್ರೆಗೆ ಸಾಗಿಸುವಾಗ ಆ ಬೆಟ್ಟದಲ್ಲೇ ಜೀವ ಹೋಯಿತು. ನಿಮಗೆ ಗೊತ್ತಿರಲಿಲ್ಲವೇ?"

ವ್ಯಾಲೆಂಟೈನ್ ಊಟ ಬಿಟ್ಟು ಎದ್ದವನು ನೇರ ಹಮೂದ್ ಇದ್ದ ಹೋಟೆಲಿಗೆ ಬಸ್ಸು ಹಿಡಿದ.

ಬಾಗಿಲಲ್ಲಿ ಸಿಗರೇಟು ಸೇದುತ್ತ ನಿಂತಿದ್ದ ಒಬ್ಬ ಯೆಮೆನಿಯನ್ನು ವಿಚಾರಿಸಿದ. "ಹಮೂದ್? ಅವನ ಅರ್ಜಿ ತಿರಸ್ಕಾರ ಆಯಿತು," ಎಂದ ಅವನು. "ಕಾಗದದಲ್ಲಿ ಬರೆದಿದ್ದರು, ಊರು ಬಲ್ಲವರ ಪ್ರಕಾರ ಹದಿನೈದು ನಿಮಿಷದ ದಾರಿ ಅದು, ಇವನು ಹೇಳಿದ್ದು ಸುಳ್ಳು ಎಂದು. ಮೂರು ದಿವಸ ಹಾಸಿಗೆ ಬಿಟ್ಟು ಏಳಲಿಲ್ಲ. ನಾಲ್ಕನೆಯ ದಿವಸ ಹೋಗಿಬಿಟ್ಟ. ಎಲ್ಲಿಗೋ ಯಾರಿಗೂ ಹೇಳಲಿಲ್ಲ. ಹೆಂಡತಿ ನನ್ನ ಫೋನಿಗೆ ಮಾಡುತ್ತಾಳೆ, ನಾನೇನು ಹೇಳಲಿ? ಆ ಊರು ಬಲ್ಲ ಮಹಾಶಯ ಯಾವನೋ, ಅವನ ಮನೆ ಹಾಳಾಗ."

ಆ ಮಹಾಶಯ ಅವನ ಎದುರಿಗೇ ನಿಂತಿದ್ದ. ನಾನೇ ಎನ್ನಲು ವ್ಯಾಲೆಂಟೈನನಿಗೆ ಧೈರ್ಯ ಬರಲಿಲ್ಲ. ಜೀವಮಾನವಿಡೀ ಸುಮ್ಮನಿರಲಾರದ ಮನುಷ್ಯ ಅಂದು ತುಟಿ ಪಿಟಿಕ್ಕೆನ್ನದೆ ಮನೆಗೆ ನಡೆದ.

ಸುಜಾನ್ ಅವನ ಮುಖ ನೋಡಿಯೇ ಕೇಳಿದಳು, "ಎಂತ ಆಯ್ತು? ಹುಷಾರಿಲ್ವಾ?" ಅವನು ಎಲ್ಲವನ್ನೂ ಹೇಳಿ ಅತ್ತ. ಕಚೇರಿಗೆ ತಪ್ಪೊಪ್ಪಿಕೊಂಡು ಕಾಗದ ಬರೆದ. ಬೇರೆಯವರ ವಿಷಯ ನಿಮಗೆ ತಿಳಿಸುವಂತಿಲ್ಲ, ನಿಮ್ಮ ಹೆಸರನ್ನು ದುಭಾಷಿಗಳ ಪಟ್ಟಿಯಿಂದ ತೆಗೆಯಲಾಗಿದೆ ಎಂದು ಎರಡು ಸಾಲಿನ ಉತ್ತರ ಬಂತು. ಇಗರ್ಜಿಯಲ್ಲಿ ಪಾಪನಿವೇದನೆ ಮಾಡಿದ. ಪಾದ್ರಿಗಳು ಪ್ರಾಯಶ್ಚಿತ್ತಕ್ಕೆ ಮೂರು ನಮೋ ಮರಿಯಾ ಜಪ ಹೇಳಲು ಹೇಳಿದರು. ಮೂರು ನಮೋ ಮರಿಯಾಕ್ಕೆ ಹೋಗುವಂಥದ್ದೇ ಅದು? ಅವನು ಮುನ್ನೂರು ಹೇಳಿದ. ವಾರಕ್ಕೊಮ್ಮೆ ಆ ಹೋಟೆಲಿನ ಬಾಗಿಲಿಗೆ ಹೋಗಿ ಕೇಳುತ್ತಿದ್ದ. ಹಮೂದನ ಸುದ್ದಿ ಯಾರಿಗೂ ಇರಲಿಲ್ಲ. ಚಳಿಗಾಲದ ಹೊತ್ತಿಗೆ ಅಲ್ಲಿ ಅವನನ್ನು ಬಲ್ಲವರೂ ಉಳಿಯಲಿಲ್ಲ.

ಮನೆಯಲ್ಲಿ ಯೆಮೆನ್ ನಿಂತುಹೋಯಿತು. ಬೇಡ ಬೇಡ ಎನ್ನುತ್ತಿದ್ದವರಿಗೇ ಈಗ ಆ ಮೌನ ಸಹಿಸಲಾಗಲಿಲ್ಲ.

2024ರ ಜೂನ್‌ನಲ್ಲಿ ಮೂವರೂ ಊಟಕ್ಕೆ ಕುಳಿತಿದ್ದಾಗ ನಾಜಿಯ ಫೋನ್ ಬಂತು. ಹಿಂದೆ ಕಾರುಗಳ ಹಾರ್ನು, ಹೆಂಗಸರ ಕೇಕೆ. "ಚಿಕ್ಕಪ್ಪ, ತಂಗಿ ವಿಡಿಯೋ ಕಳಿಸಿದ್ದಾಳೆ, ಕೇಳಿ! ಹೌಬಾನ್ ರಸ್ತೆ ತೆರೆದರು! ಎಷ್ಟು ಹೊತ್ತಿನಲ್ಲಿ ಪೇಟೆ ತಲುಪಿದಳು ಗೊತ್ತೇ? ಹದಿನೈದು ನಿಮಿಷ!"

ಸುಜಾನ್ ಶಿಲುಬೆಯ ಗುರುತು ಮಾಡಿಕೊಂಡಳು. ಜೆನಿಟಾ ಅಪ್ಪನ ಮುಖದಲ್ಲಿ ಸ್ವಲ್ಪ ಕಳೆ ಬಂದೀತೆಂದು ಕಾದಳು. ಬರಲಿಲ್ಲ. ಅವಳು ಮೊಬೈಲಿನಲ್ಲಿ ಯೆಮೆನ್ ನಕ್ಷೆ ತೆರೆದು ಅವನ ಮುಂದೆ ಇಟ್ಟಳು. ಹುಟ್ಟಿದ ಮೇಲೆ ಮೊದಲ ಸಲ, ಅದೂ ಕನ್ನಡದಲ್ಲೇ ಕೇಳಿದಳು:

"ಹೌಬಾನ್ ಎಲ್ಲಿ ಬರ್ತದೆ ಪಪ್ಪಾ? ಆ ರಸ್ತೆ ಯಾವುದು? ತೋರಿಸಿ."

ವ್ಯಾಲೆಂಟೈನ್ ನಕ್ಷೆಯನ್ನು ನೋಡಿದ. ಬೆರಳು ಎತ್ತಿದವನು ಹಿಂದಕ್ಕೆ ತೆಗೆದುಕೊಂಡ.

"ನನಗೆ ಗೊತ್ತಿಲ್ಲ ಮಗಾ," ಎಂದ.