ಅರ್ಥ ಮಾಡಿಕೊಳ್ಳುವ ಕೆಲಸ

ಬೆಳಕು ಹರಿಯುವ ಮೊದಲು ವೆಂಕಟರತ್ನಮ್ಮ ಹಂಡೆಗೆ ಉರಿ ಹಾಕುತ್ತಾಳೆ. ಅಂಗಳ ಗುಡಿಸಿ, ನೀರು ಚಿಮುಕಿಸಿ, ಎರಡೆಳೆ ರಂಗೋಲಿ ಎಳೆಯುತ್ತಾಳೆ. ಸಗಣಿ ಬಾಚಿ, ಹಸು ಕರೆದು, ಡೈರಿಗೆ ಹಾಲು ಹಾಕಿ ಬರುತ್ತಾಳೆ. ಹಿಪ್ಪುನೇರಳೆ ಸೊಪ್ಪು ಕೊಯ್ದು ತಂದು ರೇಷ್ಮೆ ಹುಳುಗಳಿಗೆ ಹರಡುತ್ತಾಳೆ. ಇವು ಕಣ್ಣಿಗೆ ಕಾಣುವ ಕೆಲಸಗಳು. ಇವುಗಳ ನಡುವೆಯೇ ಕಾಣದ ಇನ್ನೊಂದು ಕೆಲಸ ಸಾಗುತ್ತಿರುತ್ತದೆ. ಅತ್ತೆ ಅಶ್ವತ್ಥಮ್ಮ ಒಳಗೆ ಒಮ್ಮೆ ಕೆಮ್ಮಿದರೆ ಕಾಫಿ, ಎರಡು ಸಲ ಕೆಮ್ಮಿದರೆ ಬಿಸಿನೀರು. ಗಂಡ ಕದಿರೇಶ ಚಪ್ಪಲಿ ಹುಡುಕುವ ಸದ್ದು ಜೋರಾದರೆ ತಿಂಡಿ ತಡವಾಗಿದೆ. ಅವನ ತಟ್ಟೆ ಒಂದು ಗೇಣು ಮುಂದೆ ಸರಿದರೆ ಸಾರಿಗೆ ಉಪ್ಪು ಸಾಲದು.

ಓದಿದವರು ಇದಕ್ಕೆ ಇಂಗಿತ ಎನ್ನುತ್ತಾರೆ. ಸೂಚನೆ, ಧ್ವನಿ, ಒಳಾರ್ಥ ಎಂದೂ ಹೇಳುವುದುಂಟು. ದೇವರಾಯಸಮುದ್ರದ ಪಕ್ಕದ ಈ ಮನೆಯಲ್ಲಿ ಅದರ ಹೆಸರು 'ಅರ್ಥ ಮಾಡ್ಕೊಳ್ಳೋದು'. ಮಾಡಿಕೊಳ್ಳಬೇಕಾದವಳು ಮಾತ್ರ ಒಬ್ಬಳೇ. ಬಾಯಿ ಬಿಡದೆ ಕೇಳುವವರಿಗೆ ಒಂದು ಅನುಕೂಲವೂ ಇದೆ. ಎಡವಟ್ಟಾದರೆ "ನಾನೆಲ್ಲಿ ಹಂಗಂದೆ?" ಎಂದು ಕೈ ತೊಳೆದುಕೊಳ್ಳಬಹುದು.

ಹನ್ನೊಂದು ವರ್ಷದ ಹಿಂದೆ, ಹಬ್ಬವಲ್ಲದ ದಿನ ಅತ್ತೆ, "ಭಾರತಿಗೊಂದು ಒಳ್ಳೇ ಸೀರೆ ತರ್ಬೇಕು ಕಣೇ" ಎಂದಿದ್ದರು. ಭಾರತಮ್ಮ ಕದಿರೇಶನ ತಂಗಿ. ರತ್ನಮ್ಮನಿಗೆ ಅರ್ಥವಾಯಿತು. ಮುಳಬಾಗಿಲಿಗೆ ಹೋಗಿ ಹಸಿರು ಸೀರೆ ಆರಿಸಿ ತಂದಳು, ಒಬ್ಬಟ್ಟು ತಟ್ಟಿದಳು, ತಾನೇ ನಾದಿನಿಯ ಮಡಿಲು ತುಂಬಿದಳು. ಮಾರನೆಯ ದಿನ ಭಾರತಮ್ಮ ತಂದೆಯ ಆಸ್ತಿಯಲ್ಲಿ ತನಗೆ ಪಾಲು ಬೇಡವೆಂದು ಸಹಿ ಹಾಕಿ ಹೋದಳು. ಹೆಣ್ಣುಮಗಳ ಪಾಲಿಗೆ ಒಂದು ಸೀರೆ, ಒಂದು ಮಡಿಲಕ್ಕಿ. ಅದನ್ನು ಯಾರೂ ಬೆಲೆ ಎನ್ನುವುದಿಲ್ಲ, ಅರಿಶಿನ ಕುಂಕುಮ ಎನ್ನುತ್ತಾರೆ. ಈಗಿನ ಹುಳುಮನೆ ನಿಂತಿರುವುದು ಆ ನೆಲದ ಮೇಲೆಯೇ. ಆಮೇಲೆ ಭಾರತಮ್ಮ ಈ ಹೊಸ್ತಿಲು ದಾಟಿದ್ದು ಒಂದೇ ಸಲ, ತಂದೆಯ ತಿಥಿಗೆ. ಎಲೆಯ ಮುಂದೆ ಕೂರಲಿಲ್ಲ.

ಕಳೆದ ಸೋಮವಾರ ವೇಮಗಲ್ ಕಡೆಯ ತವರಿನಿಂದ ತಮ್ಮ ಅಮರನಾಥ ಬಂದ. ಮೂರು ವರ್ಷದಿಂದ ಗೌರಿ ಹಬ್ಬಕ್ಕೂ ಬಾಗಿನ ಕಳಿಸದವನು ತಟ್ಟೆಯಲ್ಲಿ ಸೀರೆ, ತೆಂಗಿನಕಾಯಿ, ಬಾಳೆಹಣ್ಣು ಜೋಡಿಸಿ ಅಕ್ಕನ ಮುಂದಿಟ್ಟ. ಈ ಸೀರೆಯೂ ಹಸಿರೇ.

"ಊರ ಕಡೆ ಬಂದು ಎಷ್ಟು ದಿನ ಆಯ್ತಕ್ಕಾ. ಶುಕ್ರವಾರ ಕಾರ್ ಕಳಿಸ್ತೀನಿ, ಬಾ."

"ಏನಕ್ಕೋ?"

"ಏಮೀ ಲೇದಕ್ಕಾ, ಊರಿಕೆ." ಏನೂ ಇಲ್ಲ, ಸುಮ್ಮನೆ ಎಂದು ಅವನು ಮನೆಯ ತೆಲುಗಿಗೆ ಜಾರಿದ. "ನೋಡ್ಕೊಂಡು ಹೋಗು. ಬರೋವಾಗ ಆಧಾರ್ ಕಾರ್ಡ್ ಇಟ್ಕೊಂಡಿರು."

"ತವರು ನೋಡೋಕೂ ಆಧಾರ್ ಕೇಳ್ತಾರಾ ಈಗ?"

ಅಮರನಾಥ ಬಾಳೆಹಣ್ಣಿನ ಚಿಪ್ಪನ್ನು ನೇರ ಮಾಡಿದ. ಒಳಗಿನಿಂದ ಅತ್ತೆ ಮೂರು ಸಲ ಕೆಮ್ಮಿದರು. ಮೂರಕ್ಕೆ ಈ ಮನೆಯಲ್ಲಿ ಅರ್ಥವಿರಲಿಲ್ಲ, ಹೊಸದು.

ಪಕ್ಕದಲ್ಲಿ ಕೂತಿದ್ದ ಕದಿರೇಶ ರೇಗಿದ. "ಎಲ್ಲಾ ಬಿಡ್ಸಿ ಹೇಳ್ಬೇಕೇನೇ ನಿಂಗೆ? ಎಳೇ ಮಗು ನೀನು!"

"ಹೂಂ, ಬಿಡ್ಸೇ ಹೇಳಿ. ನಂಗೆ ಅರ್ಥ ಆಗಲ್ಲ."

"ಇಪ್ಪತ್ತಾರು ವರ್ಷದಿಂದ ಅರ್ಥ ಆಗಿದ್ದು ಇವತ್ತು ಆಗಲ್ವಾ?"

"ಇವತ್ತು ಆಗಲ್ಲ."

ಕೊನೆಗೆ ಅಮರನಾಥನೇ ನೆಲ ನೋಡುತ್ತಾ ಹೇಳಿದ: "ಅಪ್ಪನ ಜಮೀನು, ಫ್ಯಾಕ್ಟ್ರಿಯೋರು ಕೇಳ್ತಾವ್ರೆ. ಪಾಲು ಬೇಡ ಅಂತ ನಿಂದೊಂದು ಸೈನ್ ಬೇಕು, ಅಷ್ಟೇ. ಭಾವ ಆಗ್ಲೇ ಒಪ್ಕೊಂಡವ್ರೆ."

"ಬೋರ್‌ಗೆ ಹೊಸ ಮೋಟ್ರು ಕೊಡಿಸ್ತಾನೆ," ಎಂದ ಕದಿರೇಶ. "ಇನ್ನೇನ್ ಬೇಕು?"

ರತ್ನಮ್ಮನ ಹೆಸರಿಗೆ ಈ ಲೋಕದಲ್ಲಿದ್ದದ್ದು ಆ ಜಮೀನಿನ ಅರ್ಧ ಪಾಲು ಮಾತ್ರ. ಅವಳು ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಸೊಪ್ಪಿನ ಹೊತ್ತಾಗಿತ್ತು, ಎದ್ದು ಹೋದಳು. ಅವಳ ಮೌನಕ್ಕೆ ಗಂಡಸರು ತಮಗೆ ಬೇಕಾದ ಅರ್ಥ ಮಾಡಿಕೊಂಡು ಅವಳೇ ಮಾಡಿಟ್ಟಿದ್ದ ಕಾಫಿ ಕುಡಿದರು. ಅಷ್ಟು ವರ್ಷದಲ್ಲಿ ಅವರು ಅರ್ಥ ಮಾಡಿಕೊಳ್ಳುವ ಕೆಲಸ ಮಾಡಿದ್ದು ಅದೊಂದೇ ಸಲ. ಅದೂ ತಪ್ಪಾಗಿ.

ಶುಕ್ರವಾರ ನಸುಕಿಗೆ ಹುಳುಮನೆಗೆ ಬಂದಾಗ ಹುಳುಗಳು ಹಣ್ಣಾಗತೊಡಗಿದ್ದವು. ಹಣ್ಣಾದ ಹುಳು ಸೊಪ್ಪು ಮುಟ್ಟುವುದಿಲ್ಲ. ಮೈ ತಿಳಿಯಾಗಿ, ತಲೆ ಎತ್ತಿ ಅತ್ತಿತ್ತ ಆಡಿಸುತ್ತದೆ. ಅದನ್ನು ಗುರುತಿಸಿ ಆರಿಸಿ ಚಂದ್ರಿಕೆಯ ಮೇಲೆ, ಗೂಡು ಕಟ್ಟುವ ಬಿದಿರಿನ ತಟ್ಟೆಯ ಮೇಲೆ, ಬಿಡಬೇಕು. ಆ ಗುರುತು ಮನೆಯಲ್ಲಿ ಗೊತ್ತಿರುವುದು ಅವಳೊಬ್ಬಳಿಗೇ. ಹುಳುವಿಗೆ ಮಾತು ಬಾರದು, ಸರಿ. ಈ ಮನೆಯವರಿಗೆ ಬರುತ್ತಿತ್ತು.

ಹುಳು ಆರಿಸುತ್ತಾ ಯೋಚಿಸಿದಳು. ಮಡಿಕೆ ಬಿಚ್ಚದ ಸೀರೆಯನ್ನು ತಟ್ಟೆ ಸಮೇತ ಕಾರಿನಲ್ಲಿಟ್ಟು ಕಳಿಸಬಹುದಿತ್ತು. ಆಧಾರ್ ಕಾರ್ಡನ್ನು ರಾಗಿ ಡಬ್ಬದಲ್ಲಿ ಹೂತು ಸಿಗಲಿಲ್ಲ ಎನ್ನಬಹುದಿತ್ತು. ಹುಳು ಹಣ್ಣಾಗಿದೆ, ಇವತ್ತಾಗಲ್ಲ ಎಂದರೆ ಯಾರೂ ಬೈಯುತ್ತಿರಲಿಲ್ಲ. ಆದರೆ ಇವೆಲ್ಲವೂ ಸೂಚನೆಗಳೇ. ಅರ್ಥವಾಗಲಿಲ್ಲವೆಂದು ಅವರು ಇನ್ನೊಂದು ಶುಕ್ರವಾರ ಗೊತ್ತು ಮಾಡುತ್ತಾರೆ. ಬಾಯಿ ಬಿಟ್ಟು ಹೇಳಿದರೆ ತವರು ಮುಗಿಯುತ್ತದೆ, ಈ ಮನೆಯಲ್ಲೂ ನೆಮ್ಮದಿ ಉಳಿಯುವುದಿಲ್ಲ. ಭಾರತಮ್ಮ ಸಹಿ ಹಾಕಿದ್ದಳು. ಅವಳಿಗೂ ತವರು ಉಳಿದಿರಲಿಲ್ಲ.

ಪಕ್ಕದಲ್ಲೇ ಮನೆಯೊಳಗೆ ಅತ್ತೆ ಒಮ್ಮೆ ಕೆಮ್ಮಿದರು. ರತ್ನಮ್ಮ ಏಳಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಮೊಬೈಲ್ ತೆಗೆದು ತಮ್ಮನಿಗೆ ಫೋನ್ ಮಾಡಿದಳು.

"ಏನಕ್ಕಾ, ಇಷ್ಟು ಬೇಗ? ರೆಡಿಯಾದ್ಯಾ?"

"ಕಾರ್ ಕಳಿಸ್ಬೇಡ. ನಾನು ಸೈನ್ ಹಾಕಲ್ಲ."

"ಅಂದ್ರೆ... ಏನ್ ಬೇಕಕ್ಕಾ ನಿಂಗೆ? ಅಂದ್ರೆ ಏನರ್ಥ?"

"ಅರ್ಥ ಗಿರ್ಥ ಏನಿಲ್ಲ ಅಮರ. ಸೈನ್ ಹಾಕಲ್ಲ ಅಂದೆ. ನನ್ ಪಾಲು ನಂಗೆ ಬೇಕು."